ಪಟಕ್ಕೆ ಚಾರ್ಜ್ ಕೊಟ್ಟ ಅಶ್ವತ್ಥಪ್ಪ

ನಮ್ಮ ಕಂಪನಿಗೆ ಒಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಯಾರನ್ನು ಕೇಳಿದರೂ ‘ಸರ್ದಾರ್ ಕಂಪನಿ’ ಎಂದರೆ ಮಾತ್ರ ಗೊತ್ತಾಗುತ್ತದೆ. ಸೈನ್ಯದಿಂದ ನಿವೃತ್ತರಾದ ಬಲ್ಕಾರ್ ಸಿಂಗ್ ಎಂಬ ಸರ್ದಾರರು ಬೆಂಗಳೂರಿನ ಹಲಸೂರಿನಲ್ಲಿ ಕಟ್ಟಿದ ಸೆಕ್ಯುರಿಟಿ ಕಂಪನಿ ಇದು. ಸರ್ಕಾರದ ಕಚೇರಿ, ಹಾಸ್ಟೆಲ್ಲು, ಗೋದಾಮು, ತೋಟಗಳಿಗೆ ಟೆಂಡರಿನ ಮೇಲೆ ಕಾವಲುಗಾರರನ್ನು ಕೊಡುವುದು ನಮ್ಮ ಕೆಲಸ. ನಾನು ಕಾಂತರಾಜ್, ಫೀಲ್ಡ್ ಆಫೀಸರ್. ಹೆಸರು ಆಫೀಸರ್, ಮಾಡುವುದು ಬೈಕಿನ ಮೇಲೆ ನಾಲ್ಕೂ ತಾಲ್ಲೂಕು ಸುತ್ತಿ, ಯಾವ ಗಾರ್ಡ್ ಎಲ್ಲಿ ನಿದ್ದೆ ಹೊಡೆಯುತ್ತಿದ್ದಾನೆಂದು ನೋಡಿ ಗದರುವುದು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಹಾಗಾಗಿ ಕೆಲಸ ಚೆನ್ನಾಗಿ ಒಗ್ಗಿದೆ.

ಆ ಸಿಟ್ಟು ನಡೆಯದ ಜಾಗ ಒಂದೇ ಒಂದಿತ್ತು. ರಾಯಲ್ಪಾಡು ದಾಟಿ ಆಂಧ್ರದ ಗಡಿಯತ್ತ ಹೋದರೆ ಸರ್ಕಾರದ ಒಂದು ಹಳೆಯ ಮಾವಿನ ತೋಟ ಸಿಗುತ್ತದೆ. ಗೇಟಿನ ಪಕ್ಕದಲ್ಲಿ ತಗಡಿನ ಮಾಡಿನ ಪುಟ್ಟ ಕೋಣೆ, ಕೋಣೆಯ ಮೇಲೆ ಬಾಗಿದ ದೊಡ್ಡ ಮರ, ಮರದ ಕೆಳಗೆ ಒಂದು ಕುರ್ಚಿ, ಕುರ್ಚಿಯಲ್ಲಿ ಅಶ್ವತ್ಥಪ್ಪ. ಹೂ ಬಿಟ್ಟ ಕಾಲದಲ್ಲಿ ಅಲ್ಲಿಗೆ ಹೋದರೆ ಬೈಕ್ ಆಫ್ ಮಾಡಿದ ಕೂಡಲೇ ಜೇನುನೊಣಗಳ ಗುಂಯ್ ಶಬ್ದ ಕಿವಿ ತುಂಬುತ್ತಿತ್ತು. ಆ ವಾಸನೆಯಲ್ಲಿ ನಿಂತರೆ ಬೈಯಲು ಬಂದ ಮಾತು ಅರ್ಧದಲ್ಲೇ ಮರೆತುಹೋಗುತ್ತಿತ್ತು. ಅಶ್ವತ್ಥಪ್ಪ ಕಣ್ಣು ಬಿಟ್ಟುಕೊಂಡೇ ಎಲ್ಲೋ ಹೋಗಿರುತ್ತಿದ್ದ. ನನ್ನನ್ನು ಕಂಡು ಮೆಲ್ಲಗೆ ಎದ್ದು ಸಲ್ಯೂಟ್ ಹೊಡೆದು, “ಬನ್ನಿ ಸಾರ್, ಈಗ ತಾನೆ ಒಂದು ಕನಸು ಬಿತ್ತು” ಎನ್ನುತ್ತಿದ್ದ. ಡ್ಯೂಟಿಯಲ್ಲಿ ನಿದ್ದೆ ಮಾಡಿದ್ದನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಮನುಷ್ಯನಿಗೆ ಮೆಮೊ ಕೊಡುವುದು ಹೇಗೆ?

ಆತನ ಕನಸುಗಳನ್ನು ನಾನು ಎಷ್ಟು ಕೇಳಿದ್ದೇನೋ ಲೆಕ್ಕವಿಲ್ಲ. ವಯಸ್ಸಿನಲ್ಲಿ ಆತ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದನಂತೆ. ಮಾಸ್ತಿ ಕಡೆಯಿಂದ ಅಲ್ಲಿಗೇ ಕೂಲಿಗೆ ಬಂದಿದ್ದ ಗಂಗರತ್ನಮ್ಮನನ್ನು ಮದುವೆಯಾಗಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಇಬ್ಬರೂ ಆತನ ಊರಿಗೆ ಬಂದರು, ಆತ ನಮ್ಮ ಕಂಪನಿ ಸೇರಿದ. ಕನಸಿನಲ್ಲಿ ಮಾಲೂರಿನ ಹೆಂಚುಗಳೆಲ್ಲ ಸುಡುವ ಗೂಡಿನಿಂದ ಎದ್ದು ಹಾರಿಬಂದು ಈ ತೋಟದ ಕೊಂಬೆಗಳ ಮೇಲೆ ಗಿಣಿಗಳ ಹಾಗೆ ಸಾಲಾಗಿ ಕೂರುತ್ತಿದ್ದವು. ಕೆರೆಯ ನೀರು ಎದ್ದು ಬಂದು ಗೇಟಿನ ಮುಂದೆ ನಿಂತು ಒಳಗೆ ಬಿಡು ಎಂದು ಕೇಳುತ್ತಿತ್ತು. ಎಲ್ಲ ಕನಸಿನ ಕೊನೆಗೂ ಗಂಗರತ್ನಮ್ಮ ಬರುತ್ತಿದ್ದಳು. ತಲೆಯ ಮೇಲೆ ಬಿಂದಿಗೆ ಇಟ್ಟುಕೊಂಡು ಕೆರೆ ಕಟ್ಟೆಯ ಮೇಲೆ ಮುಂದೆ ಮುಂದೆ ನಡೆದು ಹೋಗುತ್ತಿದ್ದಳು, ಈತ ಹಿಂದೆ.

“ಜೋರಾಗಿ ನಡೀತಾಳೆ ಸಾರ್. ನನ್ನ ಕೈಗೇ ಸಿಗಲ್ಲ” ಎಂದು ನಗುತ್ತಿದ್ದ. ಆ ನಗುವಿನ ಹಿಂದೆ ಏನಿದೆ ಎಂದು ನಾನು ಕೇಳಿದವನಲ್ಲ. ನನಗೆ ಇನ್ನೂ ಮುಳಬಾಗಿಲಿನ ಗೋದಾಮು ನೋಡಲು ಹೋಗಬೇಕಿರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ತೋಟದ ಅಧಿಕಾರಿ ಮೇಘನ ಮೇಡಂ ಫೋನ್ ಮಾಡಿದರು. ಹೊಸದಾಗಿ ಬಂದವರು, ಮಾತು ನೆಟ್ಟಗೆ.

“ಕಾಂತರಾಜ್, ಒತ್ತುವರಿ ಆಗದ ಹಾಗೆ ನೋಡಿಕೊಳ್ಳಿ ಅಂತ ನಿಮ್ಮನ್ನ ಇಟ್ಟರೆ, ನಿಮ್ಮ ಗಾರ್ಡೇ ಸರ್ಕಾರಿ ಜಾಗದಲ್ಲಿ ಗುಡಿ ಮಾಡಿದ್ದಾನಲ್ರೀ. ಇವತ್ತು ಹೂವು, ನಾಳೆ ಕಟ್ಟೆ, ನಾಡಿದ್ದು ಗೋಪುರ. ಟೆಂಡರ್ ರಿನ್ಯೂವಲ್ ಹತ್ತಿರ ಬಂತು, ನಿಮಗೆ ನೆನಪಿರಲಿ.”

ನನಗೆ ದೇವರ ಮೇಲೆ ಸಿಟ್ಟಿಲ್ಲ. ಆದರೆ ನಮ್ಮ ಕಡೆ ಖಾಲಿ ಸರ್ಕಾರಿ ಜಾಗ ಕಂಡರೆ ದೇವರು ಎಷ್ಟು ಬೇಗ ಉದ್ಭವವಾಗುತ್ತಾನೆಂದು ಎಲ್ಲರಿಗೂ ಗೊತ್ತು, ಅದನ್ನು ತಡೆಯಲಿಕ್ಕೇ ನಮಗೆ ಸಂಬಳ. ಬೈಕ್ ಹತ್ತಿ ನೇರ ತೋಟಕ್ಕೆ ಹೋದೆ. ಕೋಣೆಯೊಳಗೆ ಹಣಕಿದೆ. ಗೋಡೆಯ ಮೇಲೆ ಪಟ. ಪಟಕ್ಕೆ ಚೆಂಡುಹೂವಿನ ಹಾರ, ಗಾಜಿನ ಮೇಲೆ ಅರಿಸಿನ ಕುಂಕುಮ. ಕೆಳಗೆ ಹಲಗೆಯ ಮೇಲೆ ನಿಂಬೆಹಣ್ಣು, ಒಡೆದ ತೆಂಗಿನಕಾಯಿ, ಜೊತೆಗೆ ಒಂದು ಕಟ್ಟು ಬೀಡಿ. ಪಟದಲ್ಲಿದ್ದವರು ನಮ್ಮ ಬಲ್ಕಾರ್ ಸಿಂಗ್ ಸಾಹೇಬರು.

ಆ ಪಟವನ್ನು ಸಾಹೇಬರ ಮಗ ಕಾವಲಿನ ಎಲ್ಲ ಪೋಸ್ಟಿಗೂ ಕಳಿಸಿದ್ದರು. ನೀಲಿ ಪೇಟ, ಎದೆಯ ಮೇಲೆ ಪದಕಗಳು, ಕೈಯಲ್ಲಿ ಬೆತ್ತ, ಬಿಳಿ ಗಡ್ಡ, ಹುರಿ ಮಾಡಿದ ಮೀಸೆ, ಎತ್ತ ನಿಂತರೂ ನಮ್ಮನ್ನೇ ನೋಡುವ ಕಣ್ಣು. ನಮ್ಮ ಸೀಮೆಯಲ್ಲಿ ಹೊಲದ ಅಂಚಿಗೆ ಕಾವಲು ನಿಲ್ಲುವ ಮುನೇಶ್ವರನೂ ಹೆಚ್ಚು ಕಡಿಮೆ ಹೀಗೇ ಇರುತ್ತಾನೆ. ಮೀಸೆ, ಪೇಟ, ಕೈಯಲ್ಲಿ ಆಯುಧ. ಆತನಿಗೆ ಬೀಡಿ, ಚುಟ್ಟ ಇಡುವುದೂ ಉಂಟು. ಟೊಮ್ಯಾಟೊ ತೋಟಕ್ಕೆ ಕೂಲಿಗೆ ಹೋಗುವ ಹೆಂಗಸರು ಸಾಹೇಬರನ್ನು ಆ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಸರ್ದಾರರಿಗೆ ತಂಬಾಕು ಎಂದರೆ ಎಷ್ಟು ನಿಷಿದ್ಧವೆಂದು ನನಗೆ ಗೊತ್ತಿತ್ತು. ಕಂಪನಿಯ ಸ್ಥಾಪಕರ ಪಟದ ಮುಂದೆ ಒಂದು ಕಟ್ಟು ಬೀಡಿ.

“ಅಶ್ವತ್ಥಣ್ಣ, ಏನಿದು?”

“ಸಾಮಿ ಸಾರ್.”

“ಯಾವ ಸಾಮಿ? ಅವರು ನಮ್ಮ ದೊಡ್ಡ ಸಾರ್ ಅಂತ ನಿಂಗೊತ್ತಿಲ್ವಾ?”

“ಗೊತ್ತು ಸಾರ್. ಟ್ರೈನಿಂಗ್ ಕೊಟ್ಟಿದ್ದೇ ಅವ್ರಲ್ವಾ. ನಾನು ಚಾರ್ಜ್ ಕೊಡ್ತಿದ್ದೆ, ಅಷ್ಟೇ. ಮಿಕ್ಕಿದ್ದೆಲ್ಲ ಹೊಲಕ್ಕೆ ಹೋಗೋರೇ ಮಾಡ್ಕೊಂಡ್ರು.”

ಕೂರಿಸಿ ಕೇಳಿದಾಗ ಎಲ್ಲ ಹೊರಬಂತು. ನಮ್ಮ ಕಂಪನಿಯಲ್ಲಿ ಸಾಹೇಬರು ತಾವೇ ಕಲಿಸುವ ಮೊದಲ ಪಾಠವೊಂದಿದೆ. ಪೋಸ್ಟ್ ಯಾವತ್ತೂ ಖಾಲಿ ಇರಬಾರದು. ಬಿಟ್ಟು ಹೋಗುವ ಮುಂಚೆ ಇನ್ನೊಬ್ಬರಿಗೆ ಕಾವಲಿನ ಹೊಣೆ ಒಪ್ಪಿಸಿ ಚಾರ್ಜ್ ಕೊಡಬೇಕು. ಎದುರು ನಿಂತು, ಸಲ್ಯೂಟ್ ಹೊಡೆದು, ಏನೇನು ಹೇಗಿದೆ ಎಂದು ಬಾಯಿಬಿಟ್ಟು ಹೇಳಿ ಆಮೇಲೆ ಹೆಜ್ಜೆ ಎತ್ತಬೇಕು. ಬೇರೆ ಕಡೆ ಇಬ್ಬರು ಮೂವರು ಇರುತ್ತಾರೆ, ನಡೆಯುತ್ತದೆ. ಈ ತೋಟಕ್ಕೆ ಇಲಾಖೆ ಒಪ್ಪಿದ್ದು ಹಗಲಿಗೊಬ್ಬ, ರಾತ್ರಿಗೊಬ್ಬ. ಮಧ್ಯಾಹ್ನ ಬದಲಿಗೆ ನಿಲ್ಲಲು ನರಪಿಳ್ಳೆಯೂ ಇಲ್ಲ. ಅಶ್ವತ್ಥಪ್ಪ ಮಧ್ಯಾಹ್ನ ಊರಿಗೆ ಹೋಗಲೇಬೇಕಿತ್ತು. ಆದ್ದರಿಂದ ಆತ ಪಟದ ಮುಂದೆ ನಿಂತು, ಸಲ್ಯೂಟ್ ಹೊಡೆದು, “ಸಾಮಿ, ಗೇಟು ಸರಿಯಾಗಿದೆ, ಮರಗಳು ಸರಿಯಾಗಿವೆ, ನೋಡ್ಕೊಳ್ಳಿ, ಊಟಕ್ಕೆ ಹೋಗ್ಬರ್ತೀನಿ” ಎಂದು ಚಾರ್ಜ್ ಕೊಟ್ಟು ಹೋಗುತ್ತಿದ್ದ. ಬಂದು, ಮತ್ತೆ ಸಲ್ಯೂಟ್ ಹೊಡೆದು, ಚಾರ್ಜ್ ತೆಗೆದುಕೊಳ್ಳುತ್ತಿದ್ದ. ವರ್ಷಗಟ್ಟಲೆ ಹೀಗೆ ನಡೆದಿತ್ತು.

ದಾರಿಯಲ್ಲಿ ಹೋಗುವ ಹೆಂಗಸರು ಇದನ್ನು ನೋಡುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಕಾಯಿ ಕದಿಯಲು ಬಂದವನೊಬ್ಬ, ಆತ ಇಲ್ಲದ ಹೊತ್ತಿನಲ್ಲಿ ಕಿಟಕಿಯಿಂದ ಹಣಕಿ, ಒಳಗಿನ ನೆರಳಲ್ಲಿ ಯಾರೋ ಮೀಸೆಯವನು ದಿಟ್ಟಿಸುತ್ತಿರುವುದನ್ನು ಕಂಡು ಚೀಲ ಬಿಟ್ಟು ಓಡಿದನಂತೆ. ಆ ಕಳ್ಳನೇ ಊರೆಲ್ಲ ಹೇಳಿಕೊಂಡು ಬಂದ. ಅಲ್ಲಿಂದ ಹೂವು ಶುರುವಾಯಿತು. ಬರುಬರುತ್ತಾ ವಾಣಿಶ್ರೀ ಎಂಬ ಕೂಲಿ ಹುಡುಗಿ ತನ್ನ ಹಸುಗೂಸನ್ನು ಕೋಣೆಯ ಮುಂದಿನ ಕೊಂಬೆಗೆ ಜೋಲಿ ಕಟ್ಟಿ ಮಲಗಿಸಿ, ಪಟದ ಕಡೆ ಕೈ ಮುಗಿದು, ಪಕ್ಕದ ಹೊಲಕ್ಕೆ ಕೆಲಸಕ್ಕೆ ಹೋಗತೊಡಗಿದಳು.

ಕೇಳಿ ನನ್ನ ತಲೆ ಕೆಟ್ಟಿತು. ಗುಡಿಯ ವಿಷಯ ಹಾಗಿರಲಿ, ದಿನಾ ಪೋಸ್ಟ್ ಖಾಲಿ ಬಿಟ್ಟಿದ್ದಾನೆ.

“ನಾಳೆ ದೊಡ್ಡ ಸಾರೇ ಇನ್‌ಸ್ಪೆಕ್ಷನ್‌ಗೆ ಬರ್ತಿದ್ದಾರೆ. ಅಷ್ಟರೊಳಗೆ ಇದೆಲ್ಲ ಎತ್ತಿಬಿಡು. ನಿನ್ನನ್ನ ಮಾಲೂರಿನ ಹಾಸ್ಟೆಲ್‌ಗೆ ಹಾಕಿಸ್ತೀನಿ. ಇಲ್ಲಿ ಇದ್ರೆ ನಿನ್ ಕೆಲಸನೂ ಹೋಗುತ್ತೆ, ನನ್ ಕೆಲಸನೂ ಹೋಗುತ್ತೆ.”

ಆತ ಮರದ ಕಡೆ ನೋಡಿದ. ಹೂವು ಉದುರಿ ಆತನ ಟೋಪಿಯ ಮೇಲೆ ಬೀಳುತ್ತಿತ್ತು.

“ಮಾಲೂರಿಗೆ ಹೋದ್ರೆ ಮಧ್ಯಾಹ್ನ ಬರೋಕಾಗಲ್ವಲ್ಲ ಸಾರ್” ಎಂದ. “ಗಂಗರತ್ನಂಗೆ ಲಕ್ವ ಹೊಡೆದು ಕೈಕಾಲು ಏಳಲ್ಲ. ಬೇರೆಯವ್ರು ತಿನ್ನಿಸಿದ್ರೆ ಬಾಯಿ ಮುಚ್ಕೊಂಡುಬಿಡ್ತಾಳೆ. ನಾನೇ ತಿನ್ನಿಸ್ಬೇಕು.”

ಕನಸಿನಲ್ಲಿ ಅವಳು ಯಾಕೆ ಅಷ್ಟು ಜೋರಾಗಿ ನಡೆಯುತ್ತಿದ್ದಳೆಂದು ಆಗ ನನಗೆ ಗೊತ್ತಾಯಿತು. ಆದರೂ ಏನು ಮಾಡಲಿ, ಅವಳ ಒಂದು ಹೊತ್ತಿನ ಊಟಕ್ಕಾಗಿ ಕಂಪನಿಯ ಟೆಂಡರ್ ಬಿಡಲಾಗುತ್ತದೆಯೇ? “ಎತ್ತಿಬಿಡು” ಎಂದು ಮತ್ತೊಮ್ಮೆ ಹೇಳಿ ಹೊರಟೆ.

ಮಾರನೆಯ ದಿನ ಸಾಹೇಬರ ಕಾರು ಶ್ರೀನಿವಾಸಪುರಕ್ಕೆ ಬಂದಾಗ ನಾನು ಬೈಕಿನಲ್ಲಿ ಮುಂದೆ ದಾರಿ ತೋರಿಸುತ್ತಾ ಹೋದೆ. ಸಾಹೇಬರಿಗೆ ಎಂಬತ್ತು ಹತ್ತಿರ. ಕಂಪನಿಯನ್ನು ಮಗ ನೋಡಿಕೊಳ್ಳುತ್ತಿದ್ದರೂ ಪೋಸ್ಟುಗಳನ್ನು ಕಣ್ಣಾರೆ ನೋಡದಿದ್ದರೆ ಇವರಿಗೆ ಸಮಾಧಾನವಿಲ್ಲ. ತೋಟ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಜೋಲಿಯಲ್ಲಿ ಮಗು ಮಲಗಿತ್ತು. ಅಶ್ವತ್ಥಪ್ಪ ಇಸ್ತ್ರಿ ಮಾಡಿದ ಯೂನಿಫಾರಂನಲ್ಲಿ ನೆಟ್ಟಗೆ ನಿಂತಿದ್ದ. ಒಳಗೆ ನೋಡಿದೆ. ಹಾರ ಹೊಸದು. ನಿಂಬೆಹಣ್ಣು ಹೊಸದು. ಬೀಡಿಯ ಕಟ್ಟೂ ಹೊಸದು.

“ನಿನ್ನೇನೇ ತೆಗೆದೆ ಸಾರ್” ಎಂದು ಆತ ಪಿಸುಗುಟ್ಟಿದ. “ಬೆಳಿಗ್ಗೆ ಮತ್ತೆ ಇಟ್ಟವ್ರೆ. ಹೂವು ಹಿಡ್ಕೊಂಡು ಬಂದ ಕೈನ ತಡೆಯೋಕೆ ನಂಗೆ ಬರಲ್ಲ.”

ಸಾಹೇಬರು ಕಾರಿನಿಂದ ಇಳಿಯುವಷ್ಟರಲ್ಲಿ ಬೀಡಿಯ ಕಟ್ಟನ್ನು ಬಾಚಿ ನನ್ನ ಜೇಬಿಗೆ ಹಾಕಿಕೊಂಡೆ. ಮಿಕ್ಕದ್ದಕ್ಕೆ ಸಮಯ ಸಿಗಲಿಲ್ಲ. ಅವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ತಮ್ಮ ಪಟವನ್ನೇ ನೋಡಿದರು. ಪಟದಲ್ಲಿದ್ದವರು ಮತ್ತು ಬಾಗಿಲಲ್ಲಿದ್ದವರು ಒಬ್ಬರನ್ನೊಬ್ಬರು ನೋಡುತ್ತಿದ್ದಾಗ ನಾನೇ ಅಶ್ವತ್ಥಪ್ಪನ ಯಾವುದೋ ಕನಸಿನೊಳಗೆ ನಿಂತಿದ್ದೇನೆ ಅನಿಸಿತು.

“ಇದು ಏನು?” ಎಂದರು. ನಲವತ್ತು ವರ್ಷ ಇಲ್ಲಿದ್ದು ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಎಲ್ಲರಿಗೂ ಬಹುವಚನ.

ನಾನು ಬಾಯಿ ತೆರೆಯುವ ಮೊದಲೇ ಅಶ್ವತ್ಥಪ್ಪ ಹೇಳಿದ. “ಹೊಲಕ್ಕೆ ಹೋಗೋರು ಇಡ್ತಾರೆ ಸಾರ್. ತಾವು ಕಾಯ್ತೀರಿ ಅಂತ.”

ಸಾಹೇಬರು ಗಡ್ಡ ನೀವಿಕೊಂಡರು. ಜೋಲಿಯನ್ನು, ಗೇಟನ್ನು, ಒಂಟಿ ಕುರ್ಚಿಯನ್ನು ನೋಡಿದರು. ಅವರ ಕಣ್ಣು ಎಲ್ಲಿ ನಿಲ್ಲುತ್ತದೋ ಎಂದು ನಾನೂ ಅದರ ಹಿಂದೆಯೇ ನೋಡುತ್ತಿದ್ದೆ.

“ಇಲ್ಲಿ ಹಗಲು ನೀವು ಒಬ್ಬರೇ. ಊಟಕ್ಕೆ ಹೋಗುವಾಗ ಚಾರ್ಜ್ ಯಾರಿಗೆ ಕೊಡ್ತೀರಿ, ಅಶ್ವತ್ಥಪ್ಪಜೀ?”

ಮುಗಿಯಿತು ಎಂದುಕೊಂಡೆ. ಡಬ್ಬಿ ತಂದು ಇಲ್ಲೇ ಉಣ್ಣುತ್ತೇನೆ ಎಂದು ಒಂದು ಸುಳ್ಳು ಹೇಳಿದರೆ ಸಾಕಿತ್ತು. ಆತನಿಗೆ ಅದು ಹೊಳೆಯಲೇ ಇಲ್ಲ.

“ತಮಗೇ ಸಾರ್” ಎಂದ.

ಎಲ್ಲವನ್ನೂ ತಾನೇ ಹೇಳಿಬಿಟ್ಟ. ಗಂಗರತ್ನಮ್ಮನ ಕೈ, ಅವಳು ಮುಚ್ಚಿಕೊಳ್ಳುವ ಬಾಯಿ, ಗೇಟು ಸರಿ ಮರ ಸರಿ ಎಂದು ಪಟಕ್ಕೆ ಒಪ್ಪಿಸುವುದು, ಎಲ್ಲ. ಹೇಳಿ ಮುಗಿಸಿ, “ಪೋಸ್ಟ್ ಖಾಲಿ ಬಿಟ್ಟಿಲ್ಲ ಸಾರ್” ಎಂದು ಸೇರಿಸಿದ. ಅದರಲ್ಲಿ ಜಾಣತನವೇನೂ ಇರಲಿಲ್ಲ. ಆತ ನಿಜವಾಗಿಯೂ ಹಾಗೇ ನಂಬಿದ್ದ.

ಸಾಹೇಬರು ನಿಧಾನವಾಗಿ ಹೋಗಿ ಮರದ ಕೆಳಗಿನ ಕುರ್ಚಿಯಲ್ಲಿ ಕುಳಿತು ಬೆತ್ತವನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು.

“ಇವತ್ತು ಊಟ ಆಯಿತೇ ಅವರದು?”

“ಇಲ್ಲ ಸಾರ್. ತಾವು ಬರ್ತೀರಿ ಅಂತ...”

“ಹಾಗಾದರೆ ಚಾರ್ಜ್ ಕೊಡಿ.”

ಅಶ್ವತ್ಥಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆತ ಎರಡು ಹೆಜ್ಜೆ ಮುಂದೆ ಬಂದು ಸಲ್ಯೂಟ್ ಹೊಡೆದ. “ಸಾಮಿ, ಗೇಟು ಸರಿಯಾಗಿದೆ, ಮರಗಳು ಸರಿಯಾಗಿವೆ. ಜೋಲೀಲಿ ವಾಣಿಶ್ರೀ ಮಗು ಐತೆ, ಎದ್ರೆ ಸ್ವಲ್ಪ ತೂಗ್ಬೇಕು. ಊಟಕ್ಕೆ ಹೋಗ್ಬರ್ತೀನಿ.”

“ಹೋಗಿ ಬನ್ನಿ. ಕಾಂತರಾಜ್, ಬೈಕಿನಲ್ಲಿ ಕರೆದುಕೊಂಡು ಹೋಗಿ.” ಆಮೇಲೆ ಮೆಲ್ಲಗೆ, ನನ್ನೊಬ್ಬನಿಗೇ ಕೇಳುವಂತೆ, “ನಿಮ್ಮ ಜೇಬಿನಲ್ಲಿ ಇರುವುದನ್ನೂ ದೂರ ತೆಗೆದುಕೊಂಡು ಹೋಗಿ” ಎಂದರು. ನನ್ನ ಕಿವಿ ಬಿಸಿಯಾಯಿತು.

ಊರು ಹತ್ತಿರವೇ. ಒಂದೇ ಕೋಣೆಯ ಮನೆ, ಒಳಗೆ ತಂಪು. ಗಂಗರತ್ನಮ್ಮ ಗೋಡೆಗೆ ಒರಗಿ ಬಾಗಿಲ ಕಡೆಯೇ ನೋಡುತ್ತಾ ಕುಳಿತಿದ್ದಳು. ಅಶ್ವತ್ಥಪ್ಪ ಕೈ ತೊಳೆದು, ಸಾರಿನಲ್ಲಿ ಮುದ್ದೆ ಕಿವುಚಿ, ಸಣ್ಣ ಸಣ್ಣ ತುತ್ತು ಮಾಡಿದ. ಅವಳು ಬಾಯಿ ತೆರೆಯುವ ಮೊದಲು ಏನೋ ಕೇಳಿದಳು. ಮಾತು ಸ್ಪಷ್ಟವಿಲ್ಲ, ನನಗೆ ತಿಳಿಯಲಿಲ್ಲ.

“ದಿನಾ ಕೇಳ್ತಾಳೆ ಸಾರ್, ಚಾರ್ಜ್ ಯಾರಿಗೆ ಕೊಟ್ಟೆ ಅಂತ” ಎಂದು ನನಗೆ ಹೇಳಿ, ಅವಳ ಕಡೆ ತಿರುಗಿ, “ಸಾಮಿಗೆ ಕಣೇ” ಎಂದ. ಅವಳು ತಲೆಯಾಡಿಸಿ ಬಾಯಿ ತೆರೆದಳು. ದಿನವೂ ಹೇಳುವ ಅದೇ ಮಾತನ್ನು ಆತ ಅಂದೂ ಹೇಳಿದ, ಹೆಚ್ಚಿಗೆ ಏನೂ ಸೇರಿಸಲಿಲ್ಲ. ನಾನು ಹೊರಗೆ ಬಂದು ಜಗಲಿಯ ಮೇಲೆ ಕುಳಿತೆ. ಎಷ್ಟು ಹೊತ್ತು ತಿನ್ನಿಸಿದನೋ, ಆ ದಿನ ನಾನು ಗಡಿಯಾರ ನೋಡಲಿಲ್ಲ.

ನಾವು ಹಿಂತಿರುಗಿದಾಗ ಸಾಹೇಬರು ಬೆತ್ತದ ತುದಿಯಿಂದ ಜೋಲಿ ತೂಗುತ್ತಾ ಏನನ್ನೋ ಗುನುಗುತ್ತಿದ್ದರು. ಮಾವಿನ ಹೂವಿನ ಪುಡಿ ನೀಲಿ ಪೇಟದ ಮೇಲೆಲ್ಲ ಬಿದ್ದಿತ್ತು. ನಾವಿಲ್ಲದಾಗ ವಾಣಿಶ್ರೀ ಮಗುವಿಗೆ ಹಾಲು ಕೊಡಲು ಬಂದಿದ್ದಳಂತೆ. ಕುರ್ಚಿಯಲ್ಲಿದ್ದವರನ್ನು ನೋಡಿ, ಒಳಗಿನ ಪಟ ನೋಡಿ, ಮತ್ತೆ ಇವರನ್ನು ನೋಡಿ, ಕಿರುಚಲೂ ಇಲ್ಲ ಓಡಲೂ ಇಲ್ಲ. ಮಗುವಿಗೆ ಹಾಲು ಕೊಟ್ಟು, ಮತ್ತೆ ಜೋಲಿಗೆ ಹಾಕಿ, ಕೈ ಮುಗಿದು, “ಸಾಮೀ, ಬಿಡ್ಡನಿ ಸೂಸ್ಕೋ” ಎಂದು ತೆಲುಗಿನಲ್ಲಿ ಮಗುವನ್ನು ಒಪ್ಪಿಸಿ ಹೊಲಕ್ಕೆ ಹೋದಳಂತೆ. ದೇವರೇ ಎಂದುಕೊಂಡೆಯಾ ಎಂದು ಆಮೇಲೆ ನಾನು ಕೇಳಿದ್ದಕ್ಕೆ, “ಯಾರಾದ್ರೇನು ಸಾರ್, ಅದೇ ಮೀಸೆ. ನೋಡ್ಕೊಂಡ್ರು ತಾನೆ” ಎಂದಳು.

ಅಶ್ವತ್ಥಪ್ಪನನ್ನು ಕಂಡು ಸಾಹೇಬರು ಕುರ್ಚಿಯ ಕೈ ಹಿಡಿದು ಕಷ್ಟಪಟ್ಟು ಎದ್ದರು. ನಾನು ಹಿಡಿದುಕೊಳ್ಳಲು ಹೋದರೆ ಬೇಡವೆಂದರು. ಬೆನ್ನು ನೇರ ಮಾಡಿ ಆತನ ಎದುರು ನಿಂತು ಸಲ್ಯೂಟ್ ಹೊಡೆದರು.

“ಗೇಟು ಸರಿಯಾಗಿದೆ. ಮರಗಳು ಸರಿಯಾಗಿವೆ. ಮಗು ಒಂದು ಸಲ ಅತ್ತಿತು, ಅದರ ತಾಯಿ ಬಂದು ಹಾಲು ಕೊಟ್ಟರು, ಈಗ ಮಲಗಿದೆ. ಅಶ್ವತ್ಥಪ್ಪಜೀ, ಚಾರ್ಜ್ ತೆಗೆದುಕೊಳ್ಳಿ.”

ಅಶ್ವತ್ಥಪ್ಪನ ಕೈ ಸಲ್ಯೂಟಿಗೆ ಎದ್ದದ್ದು ಹಣೆಯ ಬಳಿಯೇ ನಿಂತುಹೋಯಿತು. ಕಣ್ಣಿನಿಂದ ನೀರು ದಳದಳ ಇಳಿಯಿತು. “ಇಷ್ಟು ವರ್ಷ ನಾನೇ ಕೊಡ್ತಿದ್ದೆ, ನಾನೇ ತಗೋತಿದ್ದೆ ಸಾರ್” ಎಂದ. “ವಾಪಸ್ ಕೊಟ್ಟೋರು ಇವತ್ತೇ ಸಿಕ್ಕಿದ್ದು.” ಸಿಟ್ಟಿನ ಮನುಷ್ಯ ನಾನು, ಸುಮ್ಮನೆ ಗೇಟಿನ ಚಿಲಕ ಹಾಕಿ ತೆಗೆದೆ.

ಸಾಹೇಬರು ಪಟದ ವಿಷಯದಲ್ಲಿ ಮಾತ್ರ ಸಡಿಲ ಬಿಡಲಿಲ್ಲ. “ನಾನು ಮನುಷ್ಯ. ನಮ್ಮಲ್ಲಿ ತಲೆ ಬಾಗುವುದು ನಮ್ಮ ಧರ್ಮಗ್ರಂಥ ಗುರು ಗ್ರಂಥ ಸಾಹೇಬರ ಮುಂದೆ ಮಾತ್ರ. ಇದನ್ನು ಹಾಕಿಸಿದ್ದು ನನ್ನ ಮಗ, ತಪ್ಪು ಅವನದು. ಪೋಸ್ಟಿಗೆ ಬದಲಿ ಕೊಡದೆ ಇದ್ದದ್ದು ನನ್ನ ತಪ್ಪು” ಎಂದರು. ಅಶ್ವತ್ಥಪ್ಪ ತಾನೇ ಹಾರ ಬಿಡಿಸಿ ಮರದ ಬುಡಕ್ಕೆ ಹಾಕಿ, ಗಾಜು ಒರೆಸಿ, ಪಟವನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟ. ಮಾಲೂರಿನ ವಿಷಯವನ್ನು ನಾನು ಎತ್ತಲಿಲ್ಲ. ಎತ್ತುವುದಕ್ಕೆ ಮೊದಲೇ ಸಾಹೇಬರು, “ಇವರು ಇಲ್ಲೇ ಇರುತ್ತಾರೆ. ಮಧ್ಯಾಹ್ನಕ್ಕೆ ಒಬ್ಬರನ್ನು ನೋಡಿ, ಕಂಪನಿಯ ಕಡೆಯಿಂದ” ಎಂದಿದ್ದರು. ಯಾರನ್ನು ನೋಡಲಿ ಎಂದು ನಾನು ಯೋಚಿಸುತ್ತಿದ್ದಾಗ ಅವರು ಜೋಲಿಯ ಕಡೆ ಬೆತ್ತ ತೋರಿಸಿ ಕಾರು ಹತ್ತಿದರು.

ಈಗ ಮಧ್ಯಾಹ್ನದ ಹೊತ್ತಿಗೆ ವಾಣಿಶ್ರೀ ಖಾಕಿ ಕೋಟು ಹಾಕಿಕೊಂಡು ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಮಗು ತೆವಳಿಕೊಂಡು ಗೇಟಿನ ತನಕ ಹೋಗಿ ಬರುತ್ತದೆ. ಗೋಡೆಯಲ್ಲಿ ಮೊಳೆ ಮಾತ್ರ ಉಳಿದಿದೆ, ಅದಕ್ಕೆ ಯಾರೂ ಹೂವು ಮುಡಿಸುತ್ತಿಲ್ಲ. ಮೇಘನ ಮೇಡಂ ಖುದ್ದಾಗಿ ಬಂದು ನೋಡಿ ಹೋದರು. ಅಶ್ವತ್ಥಪ್ಪ ವಾಣಿಶ್ರೀಗೆ ಸಲ್ಯೂಟ್ ಹೊಡೆದು ಚಾರ್ಜ್ ಕೊಡುತ್ತಾನೆ, ಅವಳು ನಗು ತಡೆದುಕೊಂಡು ತೆಗೆದುಕೊಳ್ಳುತ್ತಾಳೆ. ಹಿಂತಿರುಗಿದಾಗ ಮಗು ಎಷ್ಟು ಮಣ್ಣು ತಿಂದಿತು ಎಂಬುದನ್ನೂ ಸೇರಿಸಿ ವಾಪಸ್ ಕೊಡುತ್ತಾಳೆ.

ಮೊನ್ನೆ ಆ ಕಡೆ ಹೋಗಿದ್ದವನು ಅಶ್ವತ್ಥಪ್ಪನನ್ನು ಬೈಕಿನಲ್ಲಿ ಮನೆಗೆ ಬಿಟ್ಟೆ. ಆತ ಮುದ್ದೆ ಕಿವುಚುತ್ತಿದ್ದಾಗ ಗಂಗರತ್ನಮ್ಮ ಎಂದಿನಂತೆ ಕೇಳಿದಳು. ಈ ಸಲ ನನಗೂ ಅರ್ಥವಾಯಿತು.

“ವಾಣಿಶ್ರೀಗೆ ಕೊಟ್ಟೆ ಕಣೇ” ಎಂದ ಅಶ್ವತ್ಥಪ್ಪ.

ಹೇಳಿದ್ದು ಅವಳಿಗೆ ನೆನಪಿರುವುದಿಲ್ಲವಂತೆ, ಮುಖದಲ್ಲಿ ಮತ್ತೆ ಗಾಬರಿ ಕಂಡಿತು. ತುತ್ತಿಗೆ ಬಾಯಿ ತೆರೆಯಲಿಲ್ಲ. “ಸಾಮಿ?” ಎಂದಳು.

ಆತ ತುತ್ತನ್ನು ಹಾಗೇ ಹಿಡಿದುಕೊಂಡು ಅವಳ ಕೆನ್ನೆಯ ಮೇಲಿನ ಕೂದಲು ಸರಿಸಿದ.

“ಸಾಮಿ ಊಟಕ್ಕೆ ಹೋಗವ್ರೆ ಕಣೇ. ನೀನು ತಿನ್ನು.”